ಬಸ್ಸಿಗೆ ಒಂದು ಕಥೆ, ಮಳೆಗೆ ಇನ್ನೊಂದು

ಕಥೆ ಹೇಳುವ ಮೆಟಲ್ ಆಲ್ಬಂ, ಅಂದರೆ ಜೋರು ಗಿಟಾರಿನ ರಾಕ್ ಸಂಗೀತದ್ದು, ಕೇಳಬೇಕು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ಎರಡು ಹೆಸರು ಬಂದೇ ಬರುತ್ತವೆ. ಒಂದು ಕ್ವೀನ್ಸ್‌ರೈಕ್ ಬ್ಯಾಂಡಿನ ‘ಆಪರೇಷನ್: ಮೈಂಡ್‌ಕ್ರೈಮ್’, 1988ರದು. ಇನ್ನೊಂದು ಡ್ರೀಮ್ ಥಿಯೇಟರ್‌ನ ‘ಸೀನ್ಸ್ ಫ್ರಮ್ ಎ ಮೆಮೊರಿ’, 1999ರದು. ನನಗೆ ಕೆಲಸ ಹಾಸನದಲ್ಲಿ, ಮನೆ ಚಿಕ್ಕಮಗಳೂರಿನಲ್ಲಿ. ಈ ಮಳೆಗಾಲದ ಶನಿವಾರಗಳಲ್ಲಿ ಬೇಲೂರು ಮೇಲೆ ಹೋಗುವ ಬಸ್ಸಿನಲ್ಲಿ ಕೂತು ಇವೆರಡನ್ನೇ ಬದಲಾಯಿಸಿ ಬದಲಾಯಿಸಿ ಕೇಳಿದೆ.

ಬಸ್ಸಿನಲ್ಲಿ ಗೆದ್ದಿದ್ದು ಮೈಂಡ್‌ಕ್ರೈಮ್. ಸುಮಾರು ಒಂದು ಗಂಟೆಯ ಆಲ್ಬಂ. ಆಸ್ಪತ್ರೆಯ ಹಾಸಿಗೆಯಲ್ಲಿ ನಿಕ್ಕಿ ಅನ್ನುವ ಹುಡುಗನಿಗೆ ಹಳೆಯದೆಲ್ಲ ನೆನಪಾಗುತ್ತದೆ. ಅವನಿಗೆ ಹೆರಾಯಿನ್ ಚಟ. ಅದನ್ನೇ ಹಗ್ಗ ಮಾಡಿಕೊಂಡು ಡಾಕ್ಟರ್ ಎಕ್ಸ್ ಎಂಬಾತ ಅವನ ಕೈಯಲ್ಲಿ ಕೊಲೆ ಮಾಡಿಸುತ್ತಾನೆ. ‘ಮೈಂಡ್‌ಕ್ರೈಮ್’ ಅನ್ನುವ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಹುಡುಗ ಹೇಳಿದ ಹಾಗೆ ಕೇಳುತ್ತಾನೆ. ಕೊನೆಗೆ ಹುಡುಗ ಪ್ರೀತಿಸುವ ಸಿಸ್ಟರ್ ಮೇರಿ ಎಂಬ ಸನ್ಯಾಸಿನಿಯನ್ನೇ ಮುಗಿಸು ಅನ್ನುತ್ತಾನೆ. ಇಷ್ಟೂ ನನಗೆ ಮೊದಲ ಸಲಕ್ಕೇ ಅರ್ಥವಾಯಿತು. ಹಾಡುಗಾರ ಜೆಫ್ ಟೇಟ್ ಮಾತು ನುಂಗುವುದಿಲ್ಲ, ಬಿಡಿಸಿ ಹಾಡುತ್ತಾನೆ. ಮೇರಿಗೆ ಪಮೇಲಾ ಮೂರ್ ಬೇರೆಯೇ ದನಿ ಕೊಟ್ಟಿದ್ದಾಳೆ, ಹಾಗಾಗಿ ಯಾರ ಮಾತು ಯಾರದು ಅನ್ನುವ ಗೊಂದಲವಿಲ್ಲ. ತಾಳವೂ ಹೆಚ್ಚಾಗಿ ನೇರ. ಇದನ್ನು ಪ್ರೋಗ್ರೆಸಿವ್, ಅಂದರೆ ತಾಳ ತಿರುಗಿಸುವ ಜಟಿಲ ಬಗೆಯ ಮೆಟಲ್, ಅನ್ನಬೇಕಾ ಅಂತ ಮೂಗು ಮುರಿಯುವವರಿದ್ದಾರೆ. ಮುರಿದುಕೊಳ್ಳಲಿ ಬಿಡಿ.

ಡ್ರೀಮ್ ಥಿಯೇಟರ್ ಬಸ್ಸಿನಲ್ಲಿ ಪೂರ್ತಿ ಸೋತಿತು. ಶುರುವಿನಲ್ಲೇ ಸಮ್ಮೋಹನ ಮಾಡುವವನ ಮೆಲ್ಲನೆಯ ದನಿ, ಇತ್ತ ಕಂಡಕ್ಟರ್ ಸೀಟಿ. ಎಪ್ಪತ್ತೇಳು ನಿಮಿಷದ ಆಲ್ಬಂನಲ್ಲಿ ಇಂಥ ಮೆಲ್ಲನೆಯ ಜಾಗ ಬೇಕಾದಷ್ಟಿವೆ. ಒಬ್ಬನೇ ಜೇಮ್ಸ್ ಲಾಬ್ರಿ ಎಲ್ಲರ ಮಾತನ್ನೂ ಹಾಡುವುದರಿಂದ ಈಗ ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯದೆ ತಲೆ ಕೆಟ್ಟಿತು.

ಮನೆಗೆ ಬಂದ ಮೇಲೆ ಉಪಾಯ ಬದಲಿಸಿದೆ. ಕಥೆಯನ್ನು ಮೊದಲೇ ಪೂರ್ತಿ ಓದಿಕೊಂಡೆ. ನಿಕೋಲಸ್ ಎಂಬುವನಿಗೆ ಹಿಂದಿನ ಜನ್ಮ ಕಾಣುತ್ತದೆ. ಆಗ ಅವನು ವಿಕ್ಟೋರಿಯಾ ಎಂಬ ಹುಡುಗಿ, 1928ರಲ್ಲಿ ಕೊಲೆಯಾದವಳು. ಅವಳನ್ನು ಬಯಸಿದವರು ಜೂಲಿಯನ್, ಎಡ್ವರ್ಡ್ ಅನ್ನುವ ಅಣ್ಣತಮ್ಮಂದಿರು. ಕಥೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುತ್ತಾರೆ. ನಮ್ಮ ಕಡೆ ಯಕ್ಷಗಾನದಲ್ಲಿ ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೇ ಅಲ್ವಾ ಬೆಳಗಿನ ತನಕ ಕೂರುವುದು?

ಹೊರಗೆ ಮಳೆ, ಕರೆಂಟಿಲ್ಲ, ಮೊಬೈಲಿಗೆ ಸಿಕ್ಕಿಸಿದ ಚಿಕ್ಕ ಸ್ಪೀಕರ್. ‘ಹೋಮ್’ ಹಾಡು ಶುರುವಾದಾಗ ಅಮ್ಮ ಅಡುಗೆಮನೆಯಿಂದ ಇಣುಕಿ, “ಇದೇನೋ, ಸಿತಾರ್ ತರ ಇದೆಯಲ್ಲ” ಅಂದರು. ಗಿಟಾರ್ ಜೋರಾದ ಕೂಡಲೇ ವಾಪಸ್ ಹೋದರು. ಆಮೇಲೆ ‘ದ ಡಾನ್ಸ್ ಆಫ್ ಎಟರ್ನಿಟಿ’, ಹಾಡುಗಾರಿಕೆಯೇ ಇಲ್ಲದ ಆರು ನಿಮಿಷ. ಅಷ್ಟರಲ್ಲಿ ತಾಳದ ಲೆಕ್ಕ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಮೃದಂಗ ಕಲಿಯುತ್ತಿರುವ ನಮ್ಮ ಚಿಕ್ಕಪ್ಪನ ಮಗ ತೊಡೆ ತಟ್ಟಿಕೊಂಡು ಕೂತ. ಏಳರ ಲೆಕ್ಕ ಬಂದಲ್ಲಿ “ಮಿಶ್ರಚಾಪು ಕಣೋ” ಅಂತ ಹಿಗ್ಗಿದ. ನಾಲ್ಕು ಸುತ್ತು ದಾಟುವಷ್ಟರಲ್ಲಿ ಕೈ ತಪ್ಪಿತು. ನಡುವೆ ಹಳೇ ಮೂಕಿ ಸಿನಿಮಾದ ಪಿಯಾನೋ ತರ ಒಂದು ತುಣುಕು ನುಗ್ಗಿದಾಗ ಕೈ ಮುಗಿದು ಎದ್ದುಹೋದ. ನಾನು ಮಾತ್ರ ಆ ಆರು ನಿಮಿಷವನ್ನು ಆಮೇಲೆ ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ.

ಒಂದೇ ಆಲ್ಬಂ, ಒಂದೇ ಸಲ ಕೇಳುವುದಾದರೆ ಮೈಂಡ್‌ಕ್ರೈಮ್ ಸಾಕು. ಆದರೆ ನಾಲ್ಕನೇ ಸಲಕ್ಕೆ ಅದರಲ್ಲಿ ಹೊಸದೇನೂ ಸಿಗಲಿಲ್ಲ. ಡ್ರೀಮ್ ಥಿಯೇಟರ್‌ನದರಲ್ಲಿ ಇನ್ನೂ ಸಿಗುತ್ತಲೇ ಇದೆ.

ಮುಗಿಯುವ ರೀತಿಯೂ ಬೇರೆ. ನಿಕ್ಕಿಯ ಕಥೆ ಶುರುವಾದ ಮಾತಿಗೇ ವಾಪಸ್ ಬಂದು ನಿಲ್ಲುತ್ತದೆ. ನಿಕೋಲಸ್‌ನದು ಬರೀ ಗರಗರ ಸದ್ದಿನಲ್ಲಿ ಮುಗಿಯುತ್ತದೆ. ಅದು ಯಾಕೆ ಅಂತ ಹೇಳಲ್ಲ, ಕೇಳಿ ನೋಡಿ. ಬಸ್ಸಿನಲ್ಲಿ ಮೊದಲ ಸಲ ಆ ಸದ್ದು ಬಂದಾಗ ನಾನಂತೂ ಇಯರ್‌ಫೋನ್ ಹಾಳಾಯಿತು ಅಂದುಕೊಂಡು, ಚಿಕ್ಕಮಗಳೂರು ಸ್ಟ್ಯಾಂಡ್ ಬರುವ ತನಕ ಪಿನ್ ತಿರುಗಿಸುತ್ತಾ ಕೂತಿದ್ದೆ.