ಬೊಗ್ಗುವಿನ ಹಾರ್ನೆಸ್, ಕಾಳಿಯ ಕಲ್ಲು, ಅಮ್ಮನ ಪಂಜುರ್ಲಿ

ನಾಯಿಗೆ ನಾಲ್ಕು ಸಾವಿರದ ಹಾರ್ನೆಸ್ಸಾ ಅಂತ ಬೈಬೇಡಿ ಮಾರಾಯ್ರೆ, ಮನೆಯಲ್ಲಿ ಬೈಸಿಕೊಂಡು ಆಗಿದೆ. ಉಡುಪಿಯ ಹಿರಿಯಡ್ಕ ಹತ್ರ ನಮ್ದೊಂದು ಸಣ್ಣ ಅಡಿಕೆ ತೋಟ ಉಂಟು, ನಮ್ಮ ನಾಯಿ ಬೊಗ್ಗುವಿಗೆ ಅಲ್ಲಿ ಫುಲ್ ಟೈಮ್ ಡ್ಯೂಟಿ, ಹಗಲು ಮಂಗ ಓಡಿಸುದು, ರಾತ್ರಿ ಹಂದಿ ಬಂದ್ರೆ ಬೊಬ್ಬೆ ಹಾಕುದು. ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗುವಾಗ ಕುತ್ತಿಗೆ ಬೆಲ್ಟಲ್ಲಿ ಎಳೆದು ಹಿಡಿದ್ರೆ ಅದಕ್ಕೆ ಕೆಮ್ಮು ಬರ್ತದೆ, ಬಿಟ್ರೆ ಸೀದ ಹಂದಿಯ ಕೋರೆಗೆ ಹೋಗಿ ಹೊಟ್ಟೆ ಕೊಡ್ತದೆ, ಹಾಗಾಗಿ ಕುತ್ತಿಗೆ ಬಿಟ್ಟು ಎದೆಗೆ ಕಟ್ಟುವ, ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ಸೇ ಬೇಕಿತ್ತು. ಹುಡುಕುವಾಗ ಕೆಲಸದ ನಾಯಿಗಳಿಗೇ ಅಂತ ಮಾಡುವ ಒಂದು ಬ್ರ್ಯಾಂಡ್ ಸಿಕ್ತು, ಹೆಸರು ಬೇಡ. ನಿಜ ಹೇಳುದಾದ್ರೆ ನಾನು ಮರುಳಾದದ್ದು ಅದರ ಲೋಗೋಗೆ.

ಹಿತ್ತಾಳೆ ಬಣ್ಣದ ಉರುಟು ಬಿಲ್ಲೆ, ಅದರಲ್ಲಿ ಒಂದು ನಾಯಿ ಒಂದು ಹಂದಿ ಮುಖಾಮುಖಿ, ಸುತ್ತ ಕಲ್ಲಲ್ಲಿ ಕೆತ್ತಿದ ಹಾಗೆ ಹಳೆಗನ್ನಡ ಅಕ್ಷರ. ನೋಡಿದ ಕೂಡ್ಲೆ ಗೊತ್ತಾಯ್ತು, ಇದು ಆತಕೂರಿನ ಕಲ್ಲು ಅಂತ. ಮಂಡ್ಯ ಜಿಲ್ಲೆ ಮದ್ದೂರು ಕಡೆಯ ಶಾಸನ, ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮಲ್ಲಿ ಉಂಟು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗನ ಕಡೆಯ ಮಣಲೇರ ಅನ್ನುವವ ಭಾರಿ ಹೋರಾಡಿದ್ನಂತೆ, ರಾಜ ಮೆಚ್ಚಿ ಎಂತ ಬೇಕು ಕೇಳು ಅಂದ್ರೆ ಈ ಪುಣ್ಯಾತ್ಮ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು! ಆಮೇಲೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದ್ರು, ಭೂಮಿ ಬಿಟ್ರು, ಕಲ್ಲಿಗೆ ಪೂಜೆ ಮಾಡದೆ ಪೂಜೆಯವ ಊಟ ಮಾಡಿದ್ರೆ ನಾಯಿಯ ಪಾಪ ಅವನಿಗೆ ಅಂತಾನೂ ಬರೆಸಿದ್ರು. ನನಗೆ ಈ ಕೊನೆಯ ಲೈನ್ ಭಾರಿ ಇಷ್ಟ, ನಾನೂ ಬೊಗ್ಗುವಿಗೆ ಹಾಕದೆ ಉಣ್ಣುದಿಲ್ಲ.

ಆದ್ರೆ ಬಾಕ್ಸಿನ ಒಳಗೆ ಲೋಗೋದ ಅರ್ಥ ಅಂತ ಒಂದು ದಪ್ಪದ ಕಾರ್ಡ್ ಇಟ್ಟಿದ್ದಾರಲ್ಲ, ಅದ್ರಲ್ಲಿ ಕಾಳಿ ಹಂದಿಯನ್ನು ಕೊಂದು ಗೆದ್ದು ರಾಜನ ಹತ್ರ ವಾಪಸ್ ಬಂತು ಅಂತ ಉಂಟು. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿದ್ರೆ ಆ ಹುಡುಗ, ಸರ್ ಸತ್ತದ್ದು ಹಾಕಿದ್ರೆ ಸ್ವಲ್ಪ ನೆಗೆಟಿವ್ ಆಗ್ತದಲ್ವಾ ಅಂದ. ಅಲ್ಲ, ಅದು ಸತ್ತದ್ದಕ್ಕೇ ಅಲ್ವನಾ ಕಲ್ಲು ನಿಲ್ಲಿಸಿದ್ದು? ಮತ್ತೆ ನಾಯಿಗೆ ಮುಧೋಳ ಜಾತಿಯ ಬೇಟೆನಾಯಿಯ ಹಾಗೆ ಸಪೂರ ಸೊಂಟ ಬರೆದು ಮುಧೋಳ ಅಂತಾನೇ ಬರೆದಿದ್ದಾರೆ. ಮುಧೋಳ ಒಳ್ಳೆ ಜಾತಿಯೇ, 2005ರಲ್ಲಿ ಅದರ ಅಂಚೆಚೀಟಿ ಸಹ ಬಂದಿದೆ, ಆದ್ರೆ ಶಾಸನದಲ್ಲಿ ಕಾಳಿ ಯಾವ ಜಾತಿ ಅಂತ ಎಲ್ಲಿಯೂ ಇಲ್ಲ.

ಇನ್ನು ಅಮ್ಮ. ಕನ್ನಡಕ ಹಾಕ್ಕೊಂಡು ಬಿಲ್ಲೆ ನೋಡಿದ್ರು, "ಇದೆಂತ, ಪಂಜುರ್ಲಿಯ ಮೇಲೆ ನಾಯಿ ಬಿಟ್ಟದ್ದಾ?" ಅಂದ್ರು. ಪಂಜುರ್ಲಿ ಅಂದ್ರೆ ನಮ್ಮ ತುಳುನಾಡಿನ ಹಂದಿ ರೂಪದ ದೈವ. ಅಮ್ಮಾ ಇದು ಮಂಡ್ಯದ ಹಂದಿ ಅಂದೆ, ಹಂದಿಗೆ ಎಂತ ಮಂಡ್ಯ ಉಡುಪಿ ಅಂತ ಒಳಗೆ ಹೋದ್ರು. ನನಗೆ ಉತ್ತರ ಬರ್ಲಿಲ್ಲ. ನಾವೇ ರಾತ್ರಿ ಹಂದಿ ಓಡಿಸಿ ಬೆಳಿಗ್ಗೆ ದೈವಕ್ಕೆ ಕೈ ಮುಗಿಯುವವರು, ಆದ್ರೂ ಚಿತ್ರ ಮಾಡಿ ನಾಯಿಯ ಬೆನ್ನಿಗೆ ಅಂಟಿಸುದು ಬೇರೆಯೇ ಆಯ್ತಲ್ಲ.

ಮಾಲು ಮಾತ್ರ ಚೆಂದ ಉಂಟು, ಹೇಳ್ಬೇಕು. ಎದೆಯ ಪಟ್ಟಿ ವೈ ಶೇಪಲ್ಲಿ ಇರುದ್ರಿಂದ ಮುಂಗಾಲಿನ ಬುಡಕ್ಕೆ ತಾಗುದಿಲ್ಲ, ಬೊಗ್ಗು ಕಟ್ಟಪುಣಿ (ಗದ್ದೆಯ ಬದು) ಹಾರುವಾಗ ಹೆಜ್ಜೆ ಗಿಡ್ಡ ಆಗ್ಲಿಲ್ಲ. ಪಟ್ಟಿಗೆ ಪ್ಲಾಸ್ಟಿಕ್ ಕೋಟಿಂಗ್ ಉಂಟು, ಕೆಸರಾದ್ರೆ ಒಂದು ಚೆಂಬು ನೀರು ಸಾಕು. ಹಳೆ ಚರ್ಮದ ಬೆಲ್ಟ್ ಆದ್ರೆ ಆಟಿ ತಿಂಗಳ ಮಳೆಯಲ್ಲಿ ಬೂಸ್ಟು ಹಿಡಿದು ವಾಸನೆಗೆ ಹತ್ರ ಹೋಗ್ಲಿಕ್ಕಾಗ್ತಿರ್ಲಿಲ್ಲ. ಹಿಡಿಕೆ ಗಟ್ಟಿ, ಇಪ್ಪತ್ತೆರಡು ಕೆಜಿ ನಾಯಿಯನ್ನು ತೋಡು ದಾಟಿಸುವಾಗ ಎತ್ತಿದೆ, ಹೊಲಿಗೆ ಒಂದೂ ಬಿಡ್ಲಿಲ್ಲ.

ಹೋದದ್ದು ಆ ಬಿಲ್ಲೆಯೇ. ಹಿತ್ತಾಳೆ ಅಂತ ಹಾಕಿದ್ರು, ಜುಲೈ ಮುಗಿಯುವಾಗ ಅಂಚಲ್ಲಿ ಬಣ್ಣ ಎದ್ದು ಕೆಂಪು ತುಕ್ಕು, ಹಿತ್ತಾಳೆ ಹಸಿರು ಹಿಡಿದೀತು ಬಿಟ್ರೆ ಕೆಂಪು ತುಕ್ಕು ಎಲ್ಲಿಂದ ಬರುದು? ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದೆ, ಟಪ್ ಅಂತ ಅಂಟಿತು. ಕಬ್ಬಿಣಕ್ಕೆ ಬಣ್ಣ ಕೊಟ್ಟದ್ದು. ಸಾವಿರ ವರ್ಷದ ಕಲ್ಲಿನ ಚಿತ್ರ ನಮ್ಮ ಒಂದು ಮಳೆಗಾಲ ತಡೀಲಿಲ್ಲ. ಬೆನ್ನಿನ ರಿಂಗಿಗೆ ಎಂತ ಆಗ್ಲಿಲ್ಲ, ಅದು ಒಳ್ಳೆ ಸ್ಟೀಲೇ.

ದೈವದ ಕೋಲದ ಹಿಂದಿನ ದಿನ ಅಮ್ಮನೇ ಸ್ಕ್ರೂಡ್ರೈವರ್ ತಂದು ಕೈಗೆ ಕೊಟ್ರು, ಬಿಲ್ಲೆ ಬಿಚ್ಚಿ ಕಪಾಟಲ್ಲಿ ಇಟ್ಟೆ. ಈಗ ಹಾರ್ನೆಸ್ಸಲ್ಲಿ ಎರಡು ತೂತು ಉಂಟು, ಬೊಗ್ಗುವಿಗೆ ಅದರ ಚಿಂತೆ ಇಲ್ಲ. ತಗೊಳ್ಳುವವರು ಎದೆಯ ಸುತ್ತಳತೆ ಟೇಪಲ್ಲಿ ನೋಡಿಯೇ ತಗೊಳ್ಳಿ, ಅವರ ಮೀಡಿಯಮ್ ನಮ್ಮ ಊರ ನಾಯಿಗಳಿಗೆ ಸ್ವಲ್ಪ ಲೂಸ್ ಆಗ್ತದೆ.