ನಿಮ್ಹಾನ್ಸ್ ಮಕ್ಕಳ ಮಾನಸಿಕ ವಿಭಾಗ: ಮಗನ ಜೊತೆ ನಮ್ಗೂ ಕಲಿಸಿ ಕಳಿಸಿದ್ರು

ಹೊಸೂರು ರೋಡಲ್ಲಿರೋ ನಿಮ್ಹಾನ್ಸ್‌ಗೆ ಮಗುನ ಕರ್ಕೊಂಡು ಹೋಗೋದಾ ಬೇಡ್ವಾ ಅಂತ ಯೋಚ್ನೆ ಮಾಡ್ತಾ ಕೂತಿರೋ ಅಪ್ಪ ಅಮ್ಮಂದಿರಿಗೆ ಇದನ್ನ ಬರೀತಿದೀನಿ. ಹೋಗಿ. ಐದಕ್ಕೆ ಐದು ಸ್ಟಾರ್ ಕೊಡ್ತೀನಿ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ನನ್ನ ಮಗನಿಗೆ ಹನ್ನೊಂದು ವರ್ಷ, ಎಡಿಎಚ್‌ಡಿ ಇದೆ, ಅಂದ್ರೆ ಒಂದ್ಕಡೆ ಗಮನ ನಿಲ್ಲಲ್ಲ, ಸುಮ್ನೆ ಕೂರಕ್ಕಾಗಲ್ಲ, ಅದ್ರ ಜೊತೆಗೆ ಹಿಡಿಯಕ್ಕಾಗದಷ್ಟು ಸಿಟ್ಟು. ಎಲ್ರ ಮನೇಲೂ ಮಕ್ಕಳು ಹಠ ಮಾಡ್ತಾರಲ್ಲ ಅದಲ್ಲ, ಮೊಬೈಲ್ ಚಾರ್ಜ್ ಆಗಿಲ್ಲ ಅಂತ ಟಿವಿ ಒಡೆಯೋದು, ತಂಗಿ ಕತ್ತು ಹಿಡಿಯೋದು, ಆಮೇಲೆ ತಾನೇ ಗೋಡೆಗೆ ತಲೆ ಚಚ್ಕೊಂಡು ನಾನು ಸಾಯ್ತೀನಿ ಅಂತ ಅಳೋದು. ಚಾಕು ಕತ್ತರಿ ಎಲ್ಲಾ ಬೀರುವಲ್ಲಿಟ್ಟು ಬೀಗ ಹಾಕಿರ್ತಿದ್ದೆ, ಸೊಪ್ಪು ಹೆಚ್ಚೋಕೆ ಬೇಕಾದಾಗ ಮಾತ್ರ ತೆಗೀತಿದ್ದೆ. ನೆಂಟರದ್ದು ಒಂದೇ ಮಾತು, ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ, ನಾಲ್ಕು ಬಾರಿಸಿದ್ರೆ ಸರಿ ಹೋಗ್ತಾನೆ. ತಾಯತ ಕಟ್ಸಿದ್ದಾಯ್ತು, ದೃಷ್ಟಿ ತೆಗೆಸಿದ್ದಾಯ್ತು, ಸ್ಕೂಲಿನವ್ರು ಟಿಸಿ ತಗೊಂಡ್ಹೋಗಿ ಅಂದಿದ್ದೂ ಆಯ್ತು.

ಓಪಿಡಿಗೆ ಹೋಗೋರು ಇಡೀ ದಿನ ಬೇಕು ಅಂದ್ಕೊಂಡೇ ಹೊರಡಿ, ಬೇರೆ ರಾಜ್ಯಗಳಿಂದ್ಲೂ ಜನ ಬರ್ತಾರೆ. ಹಳೇ ಚೀಟಿಗಳು, ಮಾರ್ಕ್ಸ್ ಕಾರ್ಡು, ಟೀಚರ್ ಕೈಲಿ ಒಂದು ಲೆಟರ್, ಬಿಪಿಎಲ್ ಕಾರ್ಡ್ ಇದ್ರೆ ಅದು, ಎಲ್ಲಾ ಇಟ್ಕೊಳ್ಳಿ. ಎಷ್ಟು ಕೇಳ್ತಾರೆ ಅಂದ್ರೆ ಬಸುರಿ ಇದ್ದಾಗಿಂದ ಶುರು, ಹುಟ್ಟಿದ ತಕ್ಷಣ ಅತ್ತನಾ, ಯಾವಾಗ ನಡೆದ, ನಿದ್ದೆ ಹೇಗೆ, ಮನೇಲಿ ಯಾರ್ಯಾರು ಇದೀರಿ. ಅವನನ್ನ ಬೇರೆ ಕೂರಿಸ್ಕೊಂಡೂ ಮಾತಾಡಿದ್ರು. ಅಪ್ಪನೂ ಬರ್ಲೇಬೇಕು ಅಂತ ನಮ್ಮನೆಯವ್ರನ್ನ ಕರೆಸಿದ್ರು. ಮಗಳನ್ನೂ ಮಾತಾಡಿಸಿದ್ರು, ರಾತ್ರಿ ಬಾತ್‌ರೂಮಿಗೆ ಒಬ್ಳೇ ಹೋಗಕ್ಕೆ ಭಯ ಆಗುತ್ತೆ, ಅಣ್ಣ ಎದ್ಬಿಡ್ತಾನೆ ಅಂತ ಆ ಮಗು ಅಲ್ಲಿ ಬಾಯಿಬಿಟ್ಟು ಹೇಳ್ತು.

ಆಮೇಲೆ ಅಡ್ಮಿಟ್ ಮಾಡ್ಕೊಂಡ್ರು. ಮಕ್ಕಳ ವಾರ್ಡ್ ದೊಡ್ಡವರದ್ದರಿಂದ ಬೇರೆ ಇದೆ, ಮನೆಯವ್ರು ಒಬ್ರು ಜೊತೇಲೇ ಇರ್ಬೇಕು, 2017ರ ಮಾನಸಿಕ ಆರೋಗ್ಯ ಕಾಯ್ದೇಲೇ ಹಾಗಿದೆ. ನಾನು ಐದು ಸ್ಟಾರ್ ಕೊಡ್ತಿರೋದು ಇದಕ್ಕೇ. ಜೊತೇಲಿ ಇದ್ದಿದ್ರಿಂದ ನಾನು ಕಣ್ಣಾರೆ ನೋಡ್ದೆ. ಒಂದಿನ ಊಟದ ಹೊತ್ತಲ್ಲಿ ತಟ್ಟೆ ಎಸೆದ, ಸಾರು ಗೋಡೆ ಮೇಲೆಲ್ಲಾ ಹಾರ್ತು, ಸಿಸ್ಟರ್ ಬಂದು ಬಯ್ಲಿಲ್ಲ, ರಮಿಸ್ಲೂ ಇಲ್ಲ, ಬೇರೆ ಮಕ್ಕಳನ್ನ ಆಚೆ ಕಳಿಸಿ ಅವನಿಗೆ ಎಟುಕದಷ್ಟು ದೂರದಲ್ಲಿ ಕೂತ್ಕೊಂಡು ಮೆಲ್ಲಗೆ "ನಾನು ಇಲ್ಲೇ ಇದೀನಿ" ಅಂತ ಮಾತ್ರ ಅಂದ್ರು, ಅವನು ಕೂಗಿ ಕೂಗಿ ಸುಸ್ತಾದ್ಮೇಲೆ ತಟ್ಟೆ ಅವನ ಕೈಲೇ ಎತ್ತಿಸಿದ್ರು, ಗೋಡೆ ಒರೆಸಿಸಿದ್ರು, ಒರೆಸಿದ್ದಕ್ಕೆ ಚೆನ್ನಾಗಿ ಮಾಡ್ದೆ ಅಂದ್ರು. ಸಿಟ್ಟು ಏರಿದಾಗ ಬುದ್ಧಿ ಹೇಳ್ಬೇಡಿ, ಆಗ ಏನೂ ಕಿವಿಗೆ ಬೀಳಲ್ಲ ಅಂತ ಆಮೇಲೆ ನನಗೆ ಹೇಳಿದ್ರು.

ಇನ್ನೊಂದು, ನೋಟ್‌ಬುಕ್. ಗಲಾಟೆಗೆ ಮುಂಚೆ ಏನಾಯ್ತು, ಅವನು ಏನ್ ಮಾಡ್ದ, ನಾವು ಏನ್ ಮಾಡಿದ್ವಿ, ಅಷ್ಟನ್ನೇ ಬರೀಬೇಕು. ಬರೀತಾ ಬರೀತಾ ಗೊತ್ತಾಗಿದ್ದು, ಜಾಸ್ತಿ ಗಲಾಟೆ ಸಂಜೆ ಹೊತ್ತು, ಎಡಿಎಚ್‌ಡಿಗೆ ಅಂತ ಬೆಳಗ್ಗೆ ಕೊಡ್ತಿದ್ದ ಮೀಥೈಲ್‌ಫೆನಿಡೇಟ್ ಮಾತ್ರೆ ಪವರ್ ಇಳಿಯೋ ಹೊತ್ತು, ಅದ್ರ ಮೇಲೆ ಮಧ್ಯಾಹ್ನ ಊಟಾನೂ ಸರಿಯಾಗಿ ಮಾಡಿರಲ್ಲ. ಡಾಕ್ಟ್ರು ಅದನ್ನ ನೋಡಿ ಮಾತ್ರೆ ಟೈಮ್ ಬದಲಾಯಿಸಿದ್ರು, ಸಂಜೆ ಮೊದ್ಲು ತಿಂಡಿ ಆಮೇಲೆ ಹೋಮ್‌ವರ್ಕ್ ಅಂದ್ರು.

ತಲೆಗೆ ಕರೆಂಟ್ ಶಾಕ್ (ಇಸಿಟಿ) ಕೊಟ್ಬಿಡ್ತಾರೆ ಅಂತ ನಮ್ಮತ್ತೆಗೆ ದೊಡ್ಡ ಭಯ. ಹದಿನೆಂಟರ ಒಳಗಿನ ಮಕ್ಕಳಿಗೆ ಪೋಷಕರ ಒಪ್ಪಿಗೆ ಮತ್ತೆ ಆ ಕಾಯ್ದೆ ಪ್ರಕಾರ ಇರೋ ಮಾನಸಿಕ ಆರೋಗ್ಯ ಪರಿಶೀಲನಾ ಬೋರ್ಡ್ ಪರ್ಮಿಶನ್ ಎರಡೂ ಇಲ್ದೆ ಅದನ್ನ ಕೊಡೋ ಹಾಗೇ ಇಲ್ಲ, ಕಾನೂನೇ ಇದೆ. ಮಾತ್ರೆ ವಿಷ್ಯದಲ್ಲಿ ಮಾತ್ರ ಕೇಳಿ ತಿಳ್ಕೊಳ್ಳಿ, ಸಿಟ್ಟು ತಗ್ಗಿಸೋಕೆ ಕೊಡೋ ರಿಸ್ಪೆರಿಡೋನ್ ಮಾತ್ರೆ ಶುರು ಮಾಡಿದ್ಮೇಲೆ ಇವನಿಗೆ ವಿಪರೀತ ಹಸಿವು, ರಾತ್ರಿ ಹನ್ನೊಂದಕ್ಕೆ ಎದ್ದು ಚಕ್ಲಿ ಡಬ್ಬ ಖಾಲಿ ಮಾಡ್ತಾನೆ. ಮುಂಚೇನೇ ಹೇಳಿದ್ರು, ಫಾಲೋಅಪ್‌ಗೆ ಹೋದಾಗೆಲ್ಲಾ ತೂಕ ನೋಡ್ತಾರೆ. ನಿಮ್ಮಷ್ಟಕ್ಕೆ ನೀವು ನಿಲ್ಲಿಸ್ಬೇಡಿ.

ಪೂರ್ತಿ ವಾಸಿಯಾಗಿದಾನಾ ಅಂದ್ರೆ ಇಲ್ಲ. ಕೂಗಾಟ ಇದೆ, ಬಾಗಿಲು ಧಡಾರ್ ಅನ್ಸೋದಿದೆ, ಚಾಕು ಈಗ್ಲೂ ಬೀರುವಲ್ಲೇ ಇದೆ. ಆದ್ರೆ ತಂಗಿ ಮೈಮುಟ್ಟೋದು ನಿಂತಿದೆ, ಸಿಟ್ಟು ಬಂದ್ರೆ ಈಗ ಟೆರೇಸ್ ಮೆಟ್ಟಿಲ ಮೇಲೆ ಹೋಗಿ ಕೂರ್ತಾನೆ. ನಮ್ಗೆ ಅದು ಸಣ್ಣದಲ್ಲ.

ಬೆಂಗಳೂರು ದೂರ ಅನ್ನೋರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯವ್ರು ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮಗು ಸಾಯೋ ಮಾತಾಡ್ತಿದ್ರೆ, ಕೈ ಕೊಯ್ಕೊಂಡಿದ್ರೆ ಓಪಿಡಿ ದಿನಕ್ಕೆ ಕಾಯ್ಬೇಡಿ, ನಿಮ್ಹಾನ್ಸ್ ಎಮರ್ಜೆನ್ಸಿ ರಾತ್ರಿನೂ ತೆಗೆದಿರುತ್ತೆ, ನೇರ ಅಲ್ಲಿಗೇ ಹೋಗಿ.