ತೂಕಡಿಸುವ ಹೈಸ್ಕೂಲು ಮಕ್ಕಳಿಗೆ ನಿದ್ದೆ ಅಳೆಯುವ ಬ್ಯಾಂಡ್: ಕೊಳ್ಳಬಹುದೇ?

ಎರಡು ಸಾವಿರ ರೂಪಾಯಿ ಆಸುಪಾಸಿನ ಫಿಟ್‌ನೆಸ್ ಬ್ಯಾಂಡ್‌ನಿಂದ ಹೆಚ್ಚುಕಡಿಮೆ ನಂಬಬಹುದಾದ ಮಾಹಿತಿ ಒಂದೇ: ಎಷ್ಟು ಹೊತ್ತಿಗೆ ಮಲಗಿದ್ದು, ಎಷ್ಟು ಹೊತ್ತಿಗೆ ಎದ್ದದ್ದು. ತರಗತಿಯಲ್ಲಿ ತೂಕಡಿಸುವ ಹುಡುಗ ಹುಡುಗಿಯರ ಮಟ್ಟಿಗೆ ಅಷ್ಟು ಸಿಕ್ಕರೂ ಬಹಳ ಉಪಯೋಗವಿದೆ. 'ಗಾಢ ನಿದ್ದೆ', 'ಸ್ಲೀಪ್ ಸ್ಕೋರ್' ನೋಡಿ ಗಾಬರಿಯಾಗಬೇಡಿ. ನಿದ್ದೆಯ ಹಂತಗಳನ್ನು ಖಚಿತವಾಗಿ ತಿಳಿಯಲು ಮೆದುಳಿನ ಅಲೆಗಳನ್ನು ದಾಖಲಿಸಬೇಕು. ಬ್ಯಾಂಡ್ ಕೈಯ ಚಲನೆ ಮತ್ತು ನಾಡಿಮಿಡಿತ ನೋಡಿ ಅಂದಾಜು ಹೇಳುತ್ತದೆ, ಅಷ್ಟೇ.

ಎಡವಟ್ಟಾಗುವುದೂ ಅಲ್ಲೇ. ಅಲುಗಾಡದೆ ಮಲಗಿ ಮೊಬೈಲ್ ನೋಡಿದರೆ ಅದನ್ನೂ ನಿದ್ದೆ ಎಂದೇ ಬರೆದುಕೊಳ್ಳಬಹುದು. ಕೊಡಗಿನ ನಾಪೋಕ್ಲಿನಿಂದ ಮಡಿಕೇರಿಗೆ ಬರುವ ಬಸ್ಸಿನಲ್ಲಿ ತೆಗೆದ ಕಿರುನಿದ್ದೆ ಕುಲುಕಾಟದಲ್ಲಿ ಲೆಕ್ಕಕ್ಕೇ ಸಿಗದೆ ಹೋಗಬಹುದು. ಮಳೆಗಾಲದ ಚಳಿಗೆ ಕೈ ತಣ್ಣಗಾದರೆ ಚರ್ಮದ ರಕ್ತಸಂಚಾರ ಕುಗ್ಗಿ ಬ್ಯಾಂಡಿಗೆ ನಾಡಿ ಸರಿಯಾಗಿ ಸಿಗದಿರಬಹುದು. ಬರೆಯದ ಕೈಗೆ, ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ನೋಟಿಫಿಕೇಶನ್ ಎಲ್ಲ ಆಫ್ ಮಾಡಿ. ಇಲ್ಲದಿದ್ದರೆ ನಿದ್ದೆ ಅಳೆಯಲು ತಂದ ಬ್ಯಾಂಡೇ ನಿದ್ದೆ ಕೆಡಿಸುತ್ತದೆ. ಕರೆಂಟು ನೆಚ್ಚಿಕೊಳ್ಳಲಾಗದ ಮಳೆಗಾಲಕ್ಕೆ, ಒಂದು ಚಾರ್ಜಿಗೆ ವಾರವಾದರೂ ಬಾಳುವಂಥದ್ದನ್ನೇ ಆರಿಸಿ.

ಎರಡು ವಾರ ಕಟ್ಟಿಸಿ, ಮಲಗಿದ ಮತ್ತು ಎದ್ದ ಹೊತ್ತನ್ನು ಹಾಳೆಯಲ್ಲಿ ಬರೆದಿಡಿ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ 11.30ಕ್ಕೆ ಮಲಗಿ ಬಸ್ಸಿಗಾಗಿ 5.45ಕ್ಕೆ ಎದ್ದರೆ ಸಿಗುವುದು ಆರೂಕಾಲು ಗಂಟೆ. ಇದನ್ನು ಸೋಮಾರಿತನ ಎಂದು ಗದರುವುದು ಅನ್ಯಾಯ. ಹರೆಯದಲ್ಲಿ ನಿದ್ದೆಗೆ ಸೂಚನೆ ಕೊಡುವ ಹಾರ್ಮೋನು ಮೆಲಟೋನಿನ್ ಏರುವ ಹೊತ್ತೇ ತಡವಾಗುತ್ತದೆ, ಬೇಗ ನಿದ್ದೆ ಹತ್ತುವುದಿಲ್ಲ. ಭಾನುವಾರ ಒಂಬತ್ತರವರೆಗೆ ಮಲಗಿದರೆ ದೇಹದ ಗಡಿಯಾರ ಇನ್ನೂ ಹಿಂದೆ ಬಿದ್ದು ಸೋಮವಾರ ಏಳುವುದೇ ಕಷ್ಟ. ರಜೆಯಲ್ಲೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಜಾರದಿರಲಿ. ಮಲಗುವ ಹೊತ್ತನ್ನು ಮೂರ್ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮುಂಚಿತವಾಗಿಸಿ. ಎದ್ದ ಕೂಡಲೇ ಜಗಲಿಗೆ ಕಳಿಸಿ. ಬೆಳಕು ಹರಿದ ಮೇಲೆ, ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಅದೇ ಹಾಳೆಯಲ್ಲಿ ಕಾಫಿಗೂ ಒಂದು ಸಾಲು ಬೇಕು. ಇದನ್ನು ಬ್ಯಾಂಡ್ ಅಳೆಯಲಾರದು. ರೊಬಸ್ಟಾ ಕಾಫಿಯಲ್ಲಿ ನಿದ್ದೆ ತಡೆಯುವ ಕೆಫೀನ್ ಅರೇಬಿಕಾ ತಳಿಗಿಂತ ಹೆಚ್ಚುಕಡಿಮೆ ಎರಡರಷ್ಟು. ದೇಹದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಬೆಲ್ಲದ ಕಾಫಿಯ ಕೆಫೀನು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಮಧ್ಯಾಹ್ನ ಊಟದ ನಂತರ ಮಕ್ಕಳಿಗೆ ಬೇಡ.

ಸಾಕಷ್ಟು ಮಲಗಿಯೂ ತೂಕಡಿಕೆ ನಿಲ್ಲದಿದ್ದರೆ ಹಾಳೆ ಹಿಡಿದು ವೈದ್ಯರ ಬಳಿ ಹೋಗಿ. ಗೊರಕೆ, ಬಾಯಲ್ಲಿ ಉಸಿರಾಟ, ಮಳೆಗಾಲದ ಬೂಷ್ಟಿಗೆ ಕಟ್ಟುವ ಮೂಗು ಇದ್ದರೆ ಮೊದಲೇ ಹೇಳಿ; ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿನ ಅಂಗಾಂಶ) ನೋಡಬೇಕಾಗಬಹುದು. ಬ್ಯಾಂಡ್ ತೋರಿಸುವ ರಕ್ತದ ಆಮ್ಲಜನಕದ ಅಂಕಿ ಆ ತಪಾಸಣೆಗೆ ಬದಲಿಯಲ್ಲ. ಕಬ್ಬಿಣದ ಕೊರತೆಯಿಂದಲೂ ಸುಸ್ತಾಗಬಹುದು; ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹುಡುಗಿಯರಿಗೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಶೇಖರವಾದ ಕಬ್ಬಿಣದ) ಪರೀಕ್ಷೆಯನ್ನೂ ಕೇಳಿ.